ಸೈಲೆಂಟಕ್ಕನ ಬೀರು

"ನಿಮ್ ಫೋನು ಬೀರು ಒಳಗೆ ಎಷ್ಟೇ ಬಡ್ಕೊಳ್ಳಲಿ, ನಾನು ಎತ್ತಲ್ಲ. ಯಾರದು ಅಂತ ನೋಡೋದೂ ಇಲ್ಲ. ಸಾಕಾ?"

ಮೂರು ವರ್ಷದ ಹಿಂದೆ, ಹೈಸ್ಕೂಲಿನ ಅಂಗಳದಲ್ಲಿ ಮುಖ ಗಂಟು ಹಾಕಿಕೊಂಡು ನಿಂತಿದ್ದ ಮಕ್ಕಳಿಗೆ ಅಟೆಂಡರ್ ಅಕ್ಕ ಕೊಟ್ಟ ಮಾತು ಇದು. ಅದಕ್ಕೂ ಮೊದಲು ಮೇಷ್ಟ್ರುಗಳೇ ಫೋನ್ ಕಿತ್ತುಕೊಳ್ಳುತ್ತಿದ್ದರು. ಯಾರದೋ ಮೆಸೇಜನ್ನು ಸ್ಟಾಫ್ ರೂಮಿನಲ್ಲಿ ಓದಿ ನಕ್ಕದ್ದೂ ಉಂಟು. ಹಾಗಾಗಿ ಫೋನುಗಳೆಲ್ಲ ಕಾಲುಚೀಲ, ಊಟದ ಡಬ್ಬಿ ಸೇರಿದ್ದವು. ಅಕ್ಕನ ಮಾತು ನಂಬಿ ಒಂದೊಂದಾಗಿ ಹೊರಬಂದವು.

ಬೆಳಕು ಸರಿಯಾಗಿ ಹರಿಯುವ ಮೊದಲೇ ಅವರು ಗೇಟಿನ ಬೀಗ ತೆಗೆಯುತ್ತಾರೆ. ಕಸ ಗುಡಿಸಿ, ಮೆಟ್ಟಿಲ ಕೆಳಗಿನ ಮರದ ಬೀರು ತೆರೆದು, ಹಳೇ ಪರದೆ ಕತ್ತರಿಸಿ ತಾವೇ ಹೊಲಿದ ಚೀಲಗಳನ್ನು ಮೊಳೆಗೆ ನೇತುಹಾಕುತ್ತಾರೆ. ಒಂದೊಂದು ಚೀಲದ ಮೇಲೂ ದಾರದಲ್ಲಿ ಒಂದೊಂದು ಹೆಸರು. ಬಂದವರಿಗೆಲ್ಲ ಒಂದೇ ಪ್ರಶ್ನೆ: "ಸೈಲೆಂಟ್ ಮಾಡಿದ್ಯಾ?" ಹಾಗೆ ಸೈಲೆಂಟಕ್ಕ ಆದರು.

"ನೀವ್ಯಾವಾಗ ಸೈಲೆಂಟ್ ಆಗೋದು ಅಕ್ಕಾ?" ಎರಡು ಜಡೆಯ ಹುಡುಗಿ ಕೆಣಕುತ್ತಾಳೆ.

"ನನ್ ಬ್ಯಾಟರಿ ಖಾಲಿ ಆದ್ಮೇಲೆ. ಮೊದ್ಲು ಚೀಲಕ್ಕೆ ಹಾಕು, ನಾಟಕ ಆಮೇಲೆ."

ಮುನ್ನೂರು ಫೋನು ಬೆಳಿಗ್ಗೆ ಒಳಗೆ, ಸಂಜೆ ಹೊರಗೆ. ಅಷ್ಟರಲ್ಲಿ ಅಕ್ಕನ ಮಂಡಿ ಊದಿರುತ್ತದೆ. ಬೈಗುಳಕ್ಕೂ ಕೊರತೆಯಿಲ್ಲ. "'ನನ್ ಮಗನ ಫೋನ್ ಇಟ್ಕೊಳ್ಳೋಕೆ ನೀನ್ಯಾರಮ್ಮ?' ಅಂತ ಒಬ್ರು ಎಗರಾಡಿದ್ರು. ಇರ್ಲಿ ಬಿಡಿ. ಮೊದ್ಲು ಊಟದ ಹೊತ್ತಲ್ಲಿ ಎಲ್ಲಾ ತಲೆ ತಗ್ಗಿಸ್ಕೊಂಡು ಕೂತಿರೋವು. ಈಗ ಅವುಗಳ ಗಲಾಟೆಗೆ ನನ್ ಕಿವಿ ತೂತು ಬಿದ್ದಿದೆ. ಅದೇ ಖುಷಿ."

ಹೋದ ತಿಂಗಳು ಒಂದು ಮಧ್ಯಾಹ್ನ ಬೀರು ಗುಂಯ್ ಎಂದಿತು. ನಿಂತಿತು. ಮತ್ತೆ ಗುಂಯ್, ಮತ್ತೆ ಗುಂಯ್. ಅದುರುತ್ತಿದ್ದ ಚೀಲದ ಮೇಲಿನ ಹೆಸರು ಅಲ್ಲೇ ಓದುವ ನನ್ನ ಮಗಳದು. ಅವಳು ಹಿಂದಿನ ಮೈದಾನದಲ್ಲಿದ್ದಳು. ಚೀಲ ಹಿಡಿದು ಕುಂಟುತ್ತ ಓಡಿದ ಅಕ್ಕ, ಅರ್ಧ ದಾರಿಯಲ್ಲಿ ತಡೆಯಲಾರದೆ ಫೋನ್ ಹೊರತೆಗೆದು ಎತ್ತಿಯೇಬಿಟ್ಟರು.

ಆ ಕಡೆ ನನ್ನ ತಾಯಿ. ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಒಳಗಿಂದ ಚಿಲಕ. ಕೈಲಿದ್ದ ಫೋನಿನಲ್ಲಿ ಅವರಿಗೆ ಒತ್ತಲು ಬರುವುದು ಒಂದೇ ಗುಂಡಿ, ಮೊಮ್ಮಗಳದು. ಅಕ್ಕ ಕೂಗಿ ಹೇಳಿದ್ದೇ ತಡ, ಮಗಳು ಶಾಲೆಯ ಆಫೀಸಿಗೆ ಓಡಿ ಅಲ್ಲಿನ ಫೋನಿನಿಂದ ಪಕ್ಕದ ಮನೆಯವರನ್ನು ಕರೆದಳು. ಅಕ್ಕ ಮಾತ್ರ ಫೋನ್ ಇಡಲಿಲ್ಲ.

"ಬಾಗ್ಲು ಒಡೆಯೋವರ್ಗೂ ಮಾತಾಡ್ತಾನೇ ಇದ್ಲು ಕಣೇ ಪುಣ್ಯಾತ್ಗಿತ್ತಿ. ಕಣ್ಣು ಮುಚ್ಚೋಕೂ ಬಿಡ್ಲಿಲ್ಲ," ಎಂದರು ಅಮ್ಮ, ಆಸ್ಪತ್ರೆಯ ಹಾಸಿಗೆಯಿಂದ.

ಮರುದಿನ ಮಕ್ಕಳೆದುರು ನಿಂತು ಅಕ್ಕ ಬೀರುವಿನ ಬೀಗದ ಕೈ ಮುಂದೆ ಹಿಡಿದರು. "ಎತ್ತಲ್ಲ ಅಂದಿದ್ದೆ, ಎತ್ತಿದೆ. ಇನ್ನು ನನ್ ಮೇಲೆ ನಂಬಿಕೆ ಇಲ್ಲ ಅಂದ್ರೆ ಹೇಳಿ, ಇದನ್ನ ಬೇರೆಯವ್ರು ನೋಡ್ಕೊಳ್ಳಲಿ."

ಎರಡು ಜಡೆಯ ಹುಡುಗಿ ಮುಂದೆ ಬಂದು ತನ್ನ ಚೀಲಕ್ಕೆ ಫೋನ್ ಇಳಿಬಿಟ್ಟಳು. "ಸೈಲೆಂಟ್ ಮಾಡಿದೀನಿ. ನಮ್ಮಜ್ಜಿ ಮಾಡಿದ್ರೂ ಎತ್ತಿ ಅಕ್ಕಾ." ಹಿಂದಿನ ಸಾಲು ಮುಂದಕ್ಕೆ ಸರಿಯಿತು.

ನಿಮಗೇನು ಬೇಕು ಎಂದು ಕೇಳಿದರೆ, "ಬೀರು ಪಕ್ಕ ಒಂದು ಸ್ಟೂಲ್ ಹಾಕ್ಸಿ ಸಾಕು," ಎನ್ನುತ್ತಾರೆ.

ಅಮ್ಮ ಈಗ ಗೋಡೆ ಹಿಡಿದು ಓಡಾಡುತ್ತಾರೆ. ಸೈಲೆಂಟಕ್ಕ ಕೊಟ್ಟ ಮಾತಿಗೆ ತಪ್ಪಿದ್ದಾರೆ.