ಕೆರೆಯಂಗಳದ ಗೋಲ್‌ಕೀಪರ್

ಮೊನ್ನೆ ನಂಜನಗೂಡಿನಿಂದ ದೇವನೂರಿನ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಕಿಟಕಿಯಿಂದ ಪಾಚಿಯ ವಾಸನೆ ಬಂತು. ತುಂಬಿದ ಕೆರೆಯ ತಣ್ಣನೆಯ, ತುಸು ಮೀನು ಬೆರೆತ ವಾಸನೆ. ಪಕ್ಕದಲ್ಲಿದ್ದ ಹೆಂಗಸು ಈ ಸಲವೂ ಕೆರೆ ತುಂಬಿದೆಯೆಂದು ಕೈಮುಗಿದರು. ನಾನೂ ಸಂತೋಷಪಡಬೇಕಿತ್ತು. ಆದರೆ ಆ ನೀರಿನ ಕೆಳಗೆ ನಮ್ಮ ಫುಟ್‌ಬಾಲ್ ಮೈದಾನವಿದೆ. ಅದರ ಕಥೆ ನಿಮಗೆ ಹೇಳದೆ ಮುಂದೆ ಹೋಗಲಾರೆ.

ಆ ಕೆರೆಯ ಊರಿನ ಶಾಲೆಗೆ ನಾನು ಮೇಷ್ಟ್ರಾಗಿ ಬರುವಷ್ಟರಲ್ಲಿ ಕೆರೆ ಒಣಗಿ ಎಷ್ಟೋ ಕಾಲವಾಗಿತ್ತು. ಮಾದೇವ ಎಂಬ ರೈತ ಮತ್ತು ಅವನ ತಮ್ಮ ಕುಮಾರ ಊರ ಹುಡುಗರನ್ನು ಕಟ್ಟಿಕೊಂಡು, ಕೆರೆಯಂಗಳದ ಜಾಲಿ ಕಡಿದು, ಗುಂಡಿಗಳಿಗೆ ಮಣ್ಣು ತುಂಬಿ ಮೈದಾನ ಮಾಡಿದ್ದರು. ನೀಲಗಿರಿ ಗಳುಗಳೇ ಗೋಲಿನ ಕಂಬ. ಆಟದ ಹುಚ್ಚು ಕುಮಾರನದು. ಮೈಸೂರಿನಲ್ಲಿ ಐಟಿಐ ಓದುವಾಗ ಹತ್ತಿಸಿಕೊಂಡು ಬಂದದ್ದು. ಮಾದೇವನಿಗೆ ಆಟ ಗೊತ್ತಿರಲಿಲ್ಲ, ತಮ್ಮ ಗೊತ್ತಿದ್ದ, ಅಷ್ಟೆ.

ನನ್ನನ್ನು ರೆಫರಿ ಮಾಡಿದರು. ನನ್ನ ಯೋಗ್ಯತೆ ನೋಡಿ ಅಲ್ಲ, ಶಾಲೆಯ ವಿಶಲ್ ನನ್ನ ಜೇಬಿನಲ್ಲಿತ್ತಲ್ಲ, ಅದಕ್ಕೆ. ಪುರೋಹಿತರ ಮನೆಯಲ್ಲಿ ಹುಟ್ಟಿ, ಚೆಂಡನ್ನು ದೂರದಿಂದಷ್ಟೇ ಕಂಡಿದ್ದ ನಾನು ಅನುಮಾನ ಬಂದಾಗಲೆಲ್ಲ ಊದಿಬಿಡುತ್ತಿದ್ದೆ. ಆಟ ನಿಲ್ಲುತ್ತಿತ್ತು. ಆಮೇಲೆ ಏನು ಹೇಳಬೇಕೆಂದು ತಿಳಿಯದೆ ಏರಿಯ ಪಕ್ಕದ ಗೋಲಿನತ್ತ ನೋಡುತ್ತಿದ್ದೆ. ಅಲ್ಲಿ ಗೋಲ್‌ಕೀಪರ್ ಕುಮಾರ ತಪ್ಪು ಯಾರದೆಂದು ಕೈ ತೋರಿಸುತ್ತಿದ್ದ. ಅದೇ ನನ್ನ ತೀರ್ಪು. ಆ ಕೈ ಎಷ್ಟೋ ಸಲ ಅವನ ತಂಡದವರನ್ನೇ ತೋರಿಸುತ್ತಿತ್ತು. ಗೂಡ್ಸ್ ಆಟೋ ಹತ್ತಿ ತಿ. ನರಸೀಪುರದಿಂದ ಆಡಲು ಬರುತ್ತಿದ್ದವರು ಅದಕ್ಕೇ ನನ್ನಂಥ ರೆಫರಿಯನ್ನೂ ಸಹಿಸಿಕೊಂಡರು.

ಒಂದು ಮಳೆಗಾಲದಲ್ಲಿ, ಕೆಲಸ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ ಕುಮಾರ ಲಾರಿಗೆ ಸಿಕ್ಕಿ ತೀರಿಕೊಂಡ.

ತಿಥಿ ಕಳೆದ ಮೇಲೆ ಹುಡುಗರು ಅಳುಕುತ್ತಲೇ ಚೆಂಡು ತೆಗೆದರು. ಗೋಲಿನಲ್ಲಿ ನಿಲ್ಲಲು ಒಬ್ಬರೂ ಮುಂದೆ ಬರಲಿಲ್ಲ. ಏರಿಯ ಮೇಲೆ ಕೂತಿದ್ದ ಮಾದೇವ ಇಳಿದು ಬಂದ, ಲುಂಗಿ ಎತ್ತಿ ಕಟ್ಟಿ ಕಂಬಗಳ ನಡುವೆ ನಿಂತ. ಬಂದ ಚೆಂಡೆಲ್ಲ ಅವನ ಪಕ್ಕದಲ್ಲೇ ಒಳಗೆ ಹೋಗುತ್ತಿತ್ತು. ಹುಡುಗರು ಮೆಲ್ಲಗೆ ಒದೆಯತೊಡಗಿದರು. ಅವನಿಗೆ ಅದು ತಿಳಿಯಿತು.

"ಅವ್ನಿಗೆ ಒದೀತಿದ್ದಂಗೇ ಒದೀರ್ಲಾ," ಎಂದ.

ಹಾಗೇ ಎಷ್ಟೋ ಸಂಜೆ ಮೊಣಕೈ ತರಚಿಕೊಂಡು ನಿಂತ. ಆಟ ಕೊನೆಗೂ ಅವನಿಗೆ ಬರಲಿಲ್ಲ. ಕಲಿಯಲೆಂದು ಅವನು ಅಲ್ಲಿ ನಿಂತಿರಲೂ ಇಲ್ಲ.

ಆಮೇಲೆ ನದಿಯ ನೀರನ್ನು ಪೈಪಿನಲ್ಲಿ ತಂದು ಕೆರೆ ತುಂಬಿಸುವ ಮಾತು ಬಂತು. ಊರ ಸಭೆಯಲ್ಲಿ ಹುಡುಗರೆಲ್ಲ ಮಾದೇವನ ಮುಖ ನೋಡಿದರು. ಅವನೊಬ್ಬ ಬೇಡವೆಂದಿದ್ದರೆ ಅವರೂ ಎದ್ದು ನಿಲ್ಲುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡೇ, "ನೀರು ಬ್ಯಾಡ ಅನ್ನಕಾದದಾ? ತುಂಬ್ಸಿ," ಎಂದ. ಕಂಬಗಳನ್ನಾದರೂ ಕಿತ್ತಿಡೋಣವೆಂದು ಹುಡುಗರು ಕೇಳಿದಾಗ ಅದಕ್ಕೆ ಮಾತ್ರ ಒಪ್ಪಲಿಲ್ಲ. ನೀರು ಬಂದ ದಿನ ಹೆಂಗಸರು ಅರಿಶಿನ ಕುಂಕುಮ ಬಿಟ್ಟು ಪೂಜೆ ಮಾಡಿದರು. ಕೆರೆಗೆ ಏರಿಯ ಕಡೆಯೇ ತಗ್ಗು. ಕುಮಾರನ ಗೋಲು ಮೊದಲು ಮುಳುಗಿತು. ಆ ವರ್ಷವೇ ನನಗೆ ವರ್ಗವಾಯಿತು.

ಮೊನ್ನೆ ತಡೆಯಲಾರದೆ ಅಲ್ಲೇ ಬಸ್ಸಿಳಿದೆ. ಮಾದೇವ ಏರಿಯ ಮೇಲೆ ಹಸು ಮೇಯಿಸುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಬೋರಿನಲ್ಲಿ ನೀರು ಬಂದಿದೆ, ಬಾಳೆ ಹಾಕಿದ್ದೇನೆ ಎಂದ. ನನ್ನ ಮನೆಯವರನ್ನೆಲ್ಲ ವಿಚಾರಿಸಿದ. ಅಂಥ ಮೈದಾನ ಹೋಯಿತಲ್ಲ ಮಾದೇವ ಎಂದು ನಾನು ಶುರುಮಾಡಿದೆ. ದಾರಿಯುದ್ದಕ್ಕೂ ಅದನ್ನೇ ನೆನೆದುಕೊಂಡು ಬಂದಿದ್ದೆ.

"ಮೈದಾನ ಓಗ್ಲಿ ಬುಡಿ ಸಾ," ಎಂದು ಅವನು ಗೋಲಿದ್ದ ಕಡೆಯ ನೀರನ್ನೇ ನೋಡುತ್ತ ಹೇಳಿದ. "ನಮ್ ಕುಮಾರಂಗೆ ಈಜು ಬತ್ತಿರ್ಲಿಲ್ಲ. ಕೆರೆ ತುಂಬ್ದಾಗೆಲ್ಲ ನಂಗೆ ಅದೇ ಯೋಚ್ನೆ."

ಮೈದಾನಕ್ಕಾಗಿ ಮರುಗಲು ಬಂದಿದ್ದ ನಾನು ಅವನ ಪಕ್ಕ ಕೂತೆ. ಹೊತ್ತಾದ ಮೇಲೆ ಬಾಳೆಗೆ ನೀರು ಬಿಡಬೇಕೆಂದು ಅವನು ಎದ್ದ. ನಾನೂ ಹಿಂದೆ ನಡೆದೆ. ತೋಟದಲ್ಲಿ ಮೋಟರ್ ಹಾಕಿದ. ಪೈಪಿನಿಂದ ಧುಮುಕಿದ ನೀರಿಗೆ ಎರಡೂ ಕೈ ಒಡ್ಡಿ, ನನ್ನ ಕಡೆ ತಿರುಗದೆ, ಬಹಳ ಹೊತ್ತು ಮುಖ ತೊಳೆದುಕೊಂಡ.