ಅಕ್ಕ ಆಸ್ಪತ್ರೆ ಬಿಟ್ಟ ಕಾರಣ

ನಾನು ಓದಿದ್ದು ಏಳನೇ ಕ್ಲಾಸು. ಪಾವಗಡದಿಂದ ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಗಂಡ ಬಿಟ್ಟ ಮೇಲೆ ಅಕ್ಕ ಮಧುಗಿರಿಯಲ್ಲಿ ನನ್ನ ಜೊತೆಗೇ ಇದ್ದಳು. ರವಿಕೆ ಹೊಲಿಯುತ್ತಿದ್ದಳು.

ಅವಳಿಗೆ ಭೇದಿಯಲ್ಲಿ ರಕ್ತ ಹೋಗತೊಡಗಿದಾಗ ಮೂಲವ್ಯಾಧಿ ಎಂದುಕೊಂಡು ತಿಂಗಳುಗಟ್ಟಲೆ ಯಾರ್ಯಾರೋ ಹೇಳಿದ ಸೊಪ್ಪಿನ ರಸ ಕುಡಿಸಿದೆ. ಕೊನೆಗೆ ತುಮಕೂರಿನಲ್ಲಿ ಡಾಕ್ಟರು ಕೊಳವೆ ಹಾಕಿ ನೋಡಿ, ದೊಡ್ಡ ಕರುಳಿನ ಉದ್ದಕ್ಕೂ ಹುಣ್ಣಾಗಿದೆ ಎಂದರು. ಖಾರ ತಿಂದದ್ದಕ್ಕಾ ಎಂದು ಕೇಳಿದೆ. ಅಲ್ಲವಂತೆ. ಮೈ ಕಾಯಬೇಕಾದ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುತ್ತದಂತೆ. ಯಾಕೆ ಎಂಬುದನ್ನು ದೊಡ್ಡ ದೊಡ್ಡವರು ಇನ್ನೂ ಹುಡುಕುತ್ತಿದ್ದಾರಂತೆ. ಮಾತ್ರೆ ತಪ್ಪಿಸಬಾರದು, ತಿಂಗಳಿಗೊಮ್ಮೆ ಬಂದು ತೋರಿಸಿಕೊಳ್ಳಬೇಕು, ಆಗ ಹತೋಟಿಯಲ್ಲಿರುತ್ತದೆ ಎಂದರು.

ಅಕ್ಕ ನನ್ನ ಬಸ್ಸಿನಲ್ಲೇ ಹೋಗಿಬರುತ್ತಿದ್ದಳು. ದಾರಿಯಲ್ಲಿ ಅವಸರವಾದೀತೆಂದು ಹಿಂದಿನ ದಿನ ಮಧ್ಯಾಹ್ನದಿಂದಲೇ ಏನೂ ತಿನ್ನುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು.

ಅವತ್ತು ಮಧುಗಿರಿಯಲ್ಲೇ ಐದು ನಿಮಿಷ ತಡವಾಗಿತ್ತು. ಹಿಂದೆ ಇನ್ನೊಂದು ಬಸ್ಸು ಬರುತ್ತಿತ್ತು. ಅದು ಮುಂದೆ ಹೋದರೆ ಕೊರಟಗೆರೆಯ ಜನವೆಲ್ಲ ಅದಕ್ಕೇ ಹತ್ತುತ್ತಾರೆ, ಸಂಜೆ ಮಾಲೀಕರಿಂದ ನನಗೆ ಬೈಗುಳ. ಅಕ್ಕ ಸೀಟಿನಿಂದ ಎದ್ದು, ಕಂಬಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಲೇ, ಒಂದ್ನಿಮ್ಸ ನಿಲ್ಸ್ಲಾ."

"ಹಿಂದಿನ್ ಗಾಡಿ ಬತ್ತಾ ಐತೆ ಕಣಕ್ಕ. ಕೊರಟಗೆರೆ ಬಂದೇಬುಡ್ತು, ತಡ್ಕೋ."

"ಆಗಲ್ಲ ಕಣ್ಲಾ."

ಮುಂದಿನ ಸೀಟಿನ ಮುದುಕನೊಬ್ಬ, "ಕಂಡಕ್ಟ್ರೇ, ನಿಮ್ಮಕ್ಕಂಗೆ ಒಂದು ಪೆಸಲ್ ಬಸ್ಸೇ ಬುಟ್ಬುಡಿ" ಎಂದ. ನಾಲ್ಕು ಜನ ನಕ್ಕರು. ನಾನೂ ನಕ್ಕೆ. ವಿಷಲ್ ನನ್ನ ಬಾಯಲ್ಲೇ ಇತ್ತು. ಒಂದು ಸಲ ಊದಿದ್ದರೆ ಡ್ರೈವರ್ ನಿಲ್ಲಿಸುತ್ತಿದ್ದ.

ಅಕ್ಕ ಹಿಂದಿರುಗಿ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದಳು. ಕೊರಟಗೆರೆಯಲ್ಲಿ ಇಳಿಯುವವರೆಲ್ಲ ಇಳಿದರೂ ಅಕ್ಕ ಇಳಿಯಲಿಲ್ಲ. ಸೀರೆಯ ಹಿಂಭಾಗವೆಲ್ಲ ಒದ್ದೆಯಾಗಿತ್ತು, ರಕ್ತವೂ ಇತ್ತು. ಹತ್ತಲು ಬಂದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರೆದುರಿಗೇ ನಾನು, "ಮನೇಲೇ ಮುಗಿಸ್ಕಂಡು ಬರಾಕಾಗಲ್ವೇನೇ ನಿಂಗೆ" ಎಂದುಬಿಟ್ಟೆ.

ಅವಳು ನನ್ನ ಮುಖ ನೋಡಲಿಲ್ಲ. ಸೆರಗಿನಿಂದ ಸೀಟು ಒರೆಸತೊಡಗಿದಳು.

ಮುಂದಿನ ತಿಂಗಳು ಹೊರಡು ಎಂದಾಗ, "ನಾನು ಬರಲ್ಲಪ್ಪ. ಚೀಟಿ ತೋರ್ಸಿ ಮಾತ್ರೆ ನೀನೇ ತಂದ್ಬುಡು" ಎಂದಳು. ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ನಿರಾಳವಾಯಿತು. ಹಳೆಯ ಚೀಟಿಯಲ್ಲೇ ಮಾತ್ರೆ ತರುತ್ತಾ ಹೋದೆ. ಹೆಂಗಿದೀಯಕ್ಕ ಎಂದರೆ ಚೆನ್ನಾಗಿದೀನಿ ಎನ್ನುತ್ತಿದ್ದಳು. ಮಾತ್ರೆ ಸಾಲದೆ ರಕ್ತ ಮತ್ತೆ ಶುರುವಾಗಿದ್ದನ್ನು ಅವಳು ಹೇಳಲಿಲ್ಲ, ನಾನು ಕೆದಕಲಿಲ್ಲ. ಹೊಟ್ಟೆ ಉಬ್ಬಿ ಜ್ವರ ಏರಿದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆ. ಕರುಳು ತೆಗೆದರು. ನಾಲ್ಕನೇ ದಿನ ಅಕ್ಕ ಹೋದಳು. ಮೊದಲೇ ಯಾಕೆ ಬರಲಿಲ್ಲ ಎಂದು ಅಲ್ಲಿನ ಡಾಕ್ಟರು ಕೇಳಿದರು. 

ಕೆಲವು ತಿಂಗಳಾದ ಮೇಲೆ ತುಮಕೂರಿನ ಆಸ್ಪತ್ರೆಯಿಂದ ಒಬ್ಬ ಹುಡುಗಿ ಫೋನು ಮಾಡಿದಳು. ಈ ಕಾಯಿಲೆಯವರು ಆಸ್ಪತ್ರೆಗೆ ಬರುವುದನ್ನು ಅರ್ಧದಲ್ಲೇ ಯಾಕೆ ಬಿಡುತ್ತಾರೆ ಎಂದು ಸಂಶೋಧನೆ ಮಾಡುತ್ತಿದ್ದಾರಂತೆ. ಅಕ್ಕ ತೀರಿಕೊಂಡಳು ಎಂದೆ. ಅವಳು, "ಬೇಜಾರಾಗದಿದ್ರೆ ಒಂದೇ ಪ್ರಶ್ನೆ ಸರ್" ಎಂದು ಕಾರಣಗಳನ್ನು ಓದಿದಳು. ಔಷಧಿ ಖರ್ಚಾ, ದೂರಾನಾ, ವಾಸಿಯಾಯ್ತು ಅನ್ನಿಸ್ತಾ, ಬೇರೆ ಏನಾದ್ರೂನಾ.

"ದೂರ" ಎಂದೆ.

"ಸರಿ ಸರ್, ಬರ್ಕೊಂಡೆ."

ನಮ್ಮ ಬಸ್ಸು ಆ ಆಸ್ಪತ್ರೆಯ ಮುಂದೆಯೇ ದಿನಕ್ಕೆ ಎರಡು ಸಲ ಹಾದುಹೋಗುತ್ತದೆ. ಯಾರೋ ಓದಿದವರು ಆ ಕಾಗದವನ್ನು ನೋಡಿ, ಮಧುಗಿರಿಯ ಈ ಹೆಂಗಸಿಗೆ ಆಸ್ಪತ್ರೆ ದೂರವಾಗಿತ್ತು ಎಂದು ನಂಬುತ್ತಾರೆ. ಆ ಹುಡುಗಿಯ ನಂಬರು ನನ್ನ ಫೋನಿನಲ್ಲಿದೆ. ಇನ್ನೂ ತಿರುಗಿ ಮಾಡಿಲ್ಲ.