ವೈನಿನ ಮಗ್ಗುಲಿಗೆ ಶೇಂಗಾ ಚಟ್ನಿ

ಚಳಿಗಾಲದಲ್ಲಿ ಜಪಾನಿನ ನಮ್ಮ ಕಾರ್ಖಾನೆಯವರು ಎಲ್ಲರನ್ನೂ ಯಮನಾಶಿಯ ದ್ರಾಕ್ಷಿ ಸೀಮೆಗೆ ವೈನ್ ರುಚಿ ನೋಡಲು ಕರೆದೊಯ್ದರು. ಜೊತೆಗೆ ಕೊಟ್ಟ ಮೀನು ಬರೀ ಸಪ್ಪೆ. ವಿಜಯಪುರದ ಹಳ್ಳಿಯಲ್ಲಿ ಬೆಳೆದ ನಾಲಿಗೆ ಸುಮ್ಮನಿರುತ್ತದೆಯೆ? ಅವ್ವ ಕುಟ್ಟಿದ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಉದುರಿಸಿಕೊಂಡೆ. ಅಡುಗೆಯವರು ಓಡಿ ಬಂದರು.

“ಸುಮಿಮಾಸೆನ್, ಕ್ಷಮಿಸಿ, ಹೊರಗಿನ ತಿನಿಸು ಒಳಗೆ ತಿನ್ನುವಂತಿಲ್ಲ.”

“ಲೋ, ಸಾರಿ ಕೇಳಿ ಒಳಗಿಡೋ, ಮಾನ ಕಳೀಬೇಡ,” ಎಂದ ಜೊತೆಗೆ ಕೆಲಸ ಮಾಡುವ ಬೆಂಗಳೂರಿನ ಗಿರೀಶ.

“ಅವ್ವನ ಚಟ್ನಿಗೆ ಯಾಕಲೇ ಸಾರಿ? ಹೊರಗ ತಿನ್ನಾಕ ಅಡ್ಡಿ ಇಲ್ಲಲ್ಲ?” ಎಂದವನೇ ತಟ್ಟೆ, ಡಬ್ಬಿ ಎರಡನ್ನೂ ಎತ್ತಿಕೊಂಡು ಹೋಗಿ ಹಿಮದಲ್ಲಿ ನಿಂತು ತಿಂದೆ.

ತುಸು ಹೊತ್ತಿಗೆ ಗಿರೀಶ ಬಂದ. ಹಿಂದೆಯೇ ಜಪಾನಿ ಸಹೋದ್ಯೋಗಿಗಳೆಲ್ಲ ಗ್ಲಾಸು ಹಿಡಿದು ಬಂದು ಡಬ್ಬಿಗೆ ಕೈ ಹಾಕಿದರು. ಕೊನೆಗೆ ಅಡುಗೆಯವರೂ ಬಂದರು, ಗ್ಲಾಸು ಹೊರಗೆ ತರಬಾರದೆಂದು ಎಚ್ಚರಿಸಲು. ಎಚ್ಚರಿಸಿದ್ದೇನೋ ಗಂಭೀರವಾಗಿಯೇ; ಅಂಗೈ ಮಾತ್ರ ನನ್ನ ಡಬ್ಬಿಯ ಮುಂದೆ ಚಾಚಿತ್ತು.